ಮಂಡಿ ಪುಸ್ತಕದಲ್ಲಿ ಬರೆದ ಸೈಕಾಲಜಿ ಡಿಗ್ರಿ: ಕಮ್ಯುನಿಟಿ ಕಾಲೇಜಿಂದ ಟ್ರಾನ್ಸ್‌ಫರ್ ಆದ ನನ್ನ ಅನುಭವ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಚ್-4 ವೀಸಾದಲ್ಲಿರೋ, ಅಂದ್ರೆ ಗಂಡನ ಕೆಲಸದ ವೀಸಾ ಜೊತೆ ಬಂದಿರೋ, ನಮ್ಮ ಕಡೆ ಹೆಣ್ಮಕ್ಕಳು ತಿಂಗಳಿಗೆ ಒಬ್ಬರಾದ್ರೂ ಫೋನ್ ಮಾಡ್ತಾರೆ, ಅಕ್ಕಾ ನೀವು ಕಮ್ಯುನಿಟಿ ಕಾಲೇಜಿಗೆ ಹೋಗಿ ಅಲ್ಲಿಂದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆದ್ರಂತಲ್ಲ, ಹೆಂಗೆ, ಎಷ್ಟು ಖರ್ಚಾಯ್ತು, ಮಗು ಇಟ್ಕೊಂಡು ಆಗುತ್ತಾ ಅಂತ. ಕಮ್ಯುನಿಟಿ ಕಾಲೇಜು ಅಂದ್ರೆ ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಕಮ್ಮಿ ಫೀಸಲ್ಲಿ ಹೇಳ್ಕೊಡೋ ಸರ್ಕಾರಿ ಕಾಲೇಜು, ಅಲ್ಲಿಂದ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರೋದೇ ಟ್ರಾನ್ಸ್‌ಫರ್. ಒಬ್ಬೊಬ್ಬರಿಗೂ ಒಂದೊಂದು ಗಂಟೆ ಹೇಳೋದು, ಅದರಲ್ಲಿ ಅರ್ಧ ಮರೆತೇ ಹೋಗಿರುತ್ತೆ, ಅದಕ್ಕೆ ಈ ಸಲ ಪುಸ್ತಕ ಮುಂದೆ ಇಟ್ಕೊಂಡು ಕೂತು ಬರೀತಿದೀನಿ. ಪುಸ್ತಕ ಅಂದ್ರೆ ಪಾಠದ ಪುಸ್ತಕ ಅಲ್ಲ, ಉದ್ದದ ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಅದರ ಕಥೆ ಆಮೇಲೆ.

ನಮ್ಮೂರು ಶಿವಮೊಗ್ಗದ ಹತ್ರ. 2011ರಲ್ಲಿ ಪಿಯುಸಿ ಮುಗಿಸಿ ಬಿಎಸ್ಸಿ ಸಿಬಿಝಡ್ ಸೇರಿದೆ, ಎರಡು ವರ್ಷ ಆಗೋ ಹೊತ್ತಿಗೆ ಮದುವೆ ಆಯ್ತು, ಮೂರನೇ ವರ್ಷ ಬೆಂಗಳೂರಲ್ಲಿ ಮುಗಿಸ್ತೀನಿ ಅಂತ ಅಮ್ಮಂಗೆ ಮಾತು ಕೊಟ್ಟು ಹೋದೋಳು ಮುಗಿಸ್ಲಿಲ್ಲ. ಯಾರ ತಪ್ಪೂ ಅಲ್ಲ, ಮೊದಲು ಮನೆ ಹುಡುಕೋದು, ಆಮೇಲೆ ಮಗಳು, ಆಮೇಲೆ 2017ರಲ್ಲಿ ನಮ್ಮನೆಯವರಿಗೆ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹತ್ರ ಈಸ್ಟ್ ಬೇ ಕಡೆ ಕೆಲಸ. ಬಂದ ಹೊಸದರಲ್ಲಿ ಯಾರಾದ್ರೂ ಏನು ಓದಿದೀರಿ ಅಂತ ಕೇಳಿದ್ರೆ ಬಿಎಸ್ಸಿ ಅಂತಿದ್ದೆ, ಮುಗಿಸಿಲ್ಲ ಅನ್ನೋದನ್ನ ನುಂಗಿಬಿಡ್ತಿದ್ದೆ. ಆ ಸುಳ್ಳು ಹೇಳಿ ಹೇಳಿ ನಂಗೇ ಸಾಕಾಗಿತ್ತು.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ, ಯಾಕಂದ್ರೆ ಫೋನ್ ಮಾಡೋರಲ್ಲಿ ಮುಕ್ಕಾಲು ಜನಕ್ಕೆ ಈ ದಾರಿ ಬೇಕಾಗೇ ಇಲ್ಲ. ನೀವು ಇಂಡಿಯಾದಲ್ಲಿ ಬಿಇನೋ ಬಿಕಾಂನೋ ಮುಗಿಸಿದ್ರೆ ಇಲ್ಲಿ ಮತ್ತೆ ಬ್ಯಾಚುಲರ್ಸ್ ಮಾಡೋಕೆ ಹೊರಡ್ಬೇಡಿ, ಎರಡನೇ ಬ್ಯಾಚುಲರ್ಸ್‌ಗೆ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಸುಲಭಕ್ಕೆ ಸೀಟ್ ಕೊಡಲ್ಲ, ಹಲವು ಕಡೆ ಅರ್ಜೀನೇ ತಗೊಳಲ್ಲ. ಅಂಥವರು ಕಮ್ಯುನಿಟಿ ಕಾಲೇಜಲ್ಲಿ ಸೈಕಾಲಜಿಯ ನಾಕೈದು ಕೋರ್ಸ್ ಮಾತ್ರ ಮಾಡ್ಕೊಂಡು ನೇರ ಮಾಸ್ಟರ್ಸ್‌ಗೆ ಅಪ್ಲೈ ಮಾಡೋದು ವಾಸಿ (ಮೂರು ವರ್ಷದ ಡಿಗ್ರಿ ಒಪ್ತಾರಾ ಇಲ್ವಾ ಅಂತ ಆಯಾ ಡಿಪಾರ್ಟ್‌ಮೆಂಟನ್ನೇ ಕೇಳಿ, ಒಂದೊಂದು ಕಡೆ ಒಂದೊಂದು ಥರ). ನಂದು ಅರ್ಧಕ್ಕೆ ನಿಂತ ಡಿಗ್ರಿ ಆಗಿದ್ದೇ ಇಲ್ಲಿ ಅನುಕೂಲಕ್ಕೆ ಬಂತು, ನೋಡಿ ಹೆಂಗಿದೆ.

ಎಚ್-4ನಲ್ಲಿ ಓದೋಕೆ ಎಫ್-1 ಅನ್ನೋ ಸ್ಟೂಡೆಂಟ್ ವೀಸಾ ಬೇಕಾಗಿಲ್ಲ. ಆದ್ರೆ ಬಂದ ತಕ್ಷಣ ಸೇರಿದ್ರೆ ಹೊರಗಿನವರ ಫೀಸು ಬೀಳುತ್ತೆ. ಇಲ್ಲಿ ವಾಸ ಮಾಡಿ ಒಂದು ವರ್ಷ ಒಂದು ದಿನ ಆದ್ಮೇಲೆ, ಇಲ್ಲೇ ಇರೋ ಉದ್ದೇಶ ಇದೆ ಅನ್ನೋದಕ್ಕೆ ಡ್ರೈವಿಂಗ್ ಲೈಸೆನ್ಸ್, ಜಂಟಿ ಟ್ಯಾಕ್ಸ್ ರಿಟರ್ನ್, ಬಾಡಿಗೆ ಕರಾರು ಎಲ್ಲ ತೋರಿಸಿದ್ರೆ ಕ್ಯಾಲಿಫೋರ್ನಿಯಾ ರೆಸಿಡೆಂಟ್ ಅಂತ ಲೆಕ್ಕ. ರೆಸಿಡೆಂಟ್‌ಗೆ ಒಂದು ಯೂನಿಟ್‌ಗೆ 46 ಡಾಲರ್ (ಯೂನಿಟ್ ಅಂದ್ರೆ ಕೋರ್ಸ್ ಅಳೆಯೋ ಲೆಕ್ಕ, ಕ್ರೆಡಿಟ್ ಇದ್ದಂಗೆ), ಅಂದ್ರೆ ಮೂರು ಯೂನಿಟ್ಟಿನ ಒಂದು ಕೋರ್ಸ್ 138 ಡಾಲರಿಗೆ ಆಯ್ತು, ಹೊರಗಿನವರಿಗೆ ಆಗ ಅದರ ಆರೇಳು ಪಟ್ಟು ಇತ್ತು. ನಾನು ಕಾದೆ, 2018ರ ಫಾಲ್‌ಗೆ, ಅಂದ್ರೆ ಆಗಸ್ಟಲ್ಲಿ ಶುರುವಾಗೋ ಸೆಮಿಸ್ಟರಿಗೆ, ಸೇರಿದೆ. ಆ ಒಂದು ವರ್ಷ ಸುಮ್ನೆ ಕೂರ್ಲಿಲ್ಲ, ಡ್ರೈವಿಂಗ್ ಕಲಿತೆ, ಮೂರು ಸಲ ಫೇಲಾಗಿ ನಾಕನೇ ಸಲ ಲೈಸೆನ್ಸ್ ಬಂತು, ಅದೂ ರೆಸಿಡೆನ್ಸಿಗೆ ಒಂದು ಸಾಕ್ಷಿ ಆಯ್ತು. ಇನ್ನೊಂದು, ಎಚ್-4ನವರಿಗೆ ಫೆಡರಲ್ ಫೈನಾನ್ಶಿಯಲ್ ಏಡ್ ಇಲ್ಲ, ಎಫ್‌ಎಎಫ್‌ಎಸ್‌ಎ ಅನ್ನೋ ಅದರ ಅರ್ಜಿ ತುಂಬೋಕೆ ಹೋಗಿ ಟೈಮ್ ಹಾಳು ಮಾಡ್ಕೋಬೇಡಿ. ಇಂಟ್ರೋ ಸೈಕಾಲಜಿಗೆ ನಮ್ಮ ಪ್ರೊಫೆಸರು ಓಪನ್‌ಸ್ಟ್ಯಾಕ್ಸ್ ಪುಸ್ತಕ ಇಟ್ಟಿದ್ರು, ಅದು ಫ್ರೀ, ಹಂಗಾಗಿ ಮೊದಲ ಸೆಮಿಸ್ಟರ್ ಪುಸ್ತಕಕ್ಕೆ ಒಂದು ಪೈಸೆ ಬಿಚ್ಲಿಲ್ಲ.

ಸೈಕಾಲಜಿ ಯಾಕೆ ಅಂತ ನಮ್ಮತ್ತೆ ಇವತ್ತಿಗೂ ಕೇಳ್ತಾರೆ. ಮೊದಲು ಹೇಳಿದಾಗ "ಅಲ್ಲ ಕಣಮ್ಮಾ, ಹುಚ್ಚರ ಡಾಕ್ಟ್ರಾ?" ಅಂದ್ರು. ನಿಜ ಹೇಳ್ಬೇಕಂದ್ರೆ ಸಂಜೆ ಏಳು ಗಂಟೆಗೆ ಇದ್ದ ಕ್ಲಾಸು ಅದೊಂದೇ, ನಮ್ಮನೆಯವರು ಆರೂವರೆಗೆ ಬಂದು ಮಗಳನ್ನ ನೋಡ್ಕೋತಿದ್ರು, ನಾನು ಅವರ ಕಾರು ತಗೊಂಡು ಓಡ್ತಿದ್ದೆ. ಮೂರನೇ ವಾರ ನೆನಪಿನ ಪಾಠ ಬಂತು, ಹೆನ್ರಿ ಮೊಲೈಸನ್ ಅನ್ನೋನ ಮೆದುಳಿನ ಆಪರೇಷನ್ ಆದ್ಮೇಲೆ ಅವನಿಗೆ ಹೊಸ ನೆನಪು ಯಾವುದೂ ನಿಲ್ತಿರ್ಲಿಲ್ಲ, ಆದ್ರೆ ಕೈ ಮಾಡೋ ಕೆಲಸ ಮಾತ್ರ ದಿನದಿಂದ ದಿನಕ್ಕೆ ಕಲೀತಾ ಹೋಗ್ತಿದ್ದ, ಕಲಿತಿದೀನಿ ಅಂತಲೇ ಅವನಿಗೆ ಗೊತ್ತಿರ್ತಿರ್ಲಿಲ್ಲ. ನಮ್ಮಜ್ಜಿ ಕೊನೆಗಾಲದಲ್ಲಿ ನನ್ನ ಹೆಸರು ಮರೆತಿದ್ರು, ಆದ್ರೆ ಅಡಿಕೆ ಸುಲಿಯೋ ಕತ್ತಿ ಕೈಗೆ ಕೊಟ್ರೆ ಒಂದೂ ತಪ್ಪಿಲ್ದೆ ಸುಲೀತಿದ್ರು. ಅವತ್ತು ರಾತ್ರಿ ಪಾರ್ಕಿಂಗ್ ಲಾಟಲ್ಲಿ ಕಾರ್ ಸ್ಟಾರ್ಟ್ ಮಾಡ್ದೆ ತುಂಬ ಹೊತ್ತು ಕೂತಿದ್ದೆ. ಅಷ್ಟೇ, ಮೇಜರ್ ಅಂದ್ರೆ ಮುಖ್ಯ ವಿಷಯ ಯಾವುದು ಅನ್ನೋ ತೀರ್ಮಾನ ಅಲ್ಲೇ ಆಗಿದ್ದು.

ಈಗ ಪುಸ್ತಕದ ಕಥೆ. ಅಪ್ಪ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಲ್ಲಿ ಗುಮಾಸ್ತ ಆಗಿದ್ರು, ಮೂವತ್ತು ವರ್ಷ ಬೇರೆಯವರ ಅಡಿಕೆ ಲೆಕ್ಕ ಬರೆದೋರು. ಮೊದಲ ಸೆಮಿಸ್ಟರಲ್ಲಿ ಕಾಲೇಜಿನ ಕೌನ್ಸೆಲರ್ ಹತ್ರ ಹೋದೆ, ಒಬ್ರು ಒಂದು ಪ್ಲಾನ್ ಹಾಕ್ಕೊಟ್ರು, ಎರಡನೇ ಸಲ ಹೋದಾಗ ಅವರು ಇರ್ಲಿಲ್ಲ ಇನ್ನೊಬ್ರು ಇದ್ರು, ಅವರು ಅದನ್ನ ಅಳಿಸಿ ಬೇರೆ ಹಾಕಿದ್ರು. ಅಪ್ಪಂಗೆ ಫೋನಲ್ಲಿ ಅಳ್ತಾ ಹೇಳ್ದೆ. "ಎಂತ ಮಾರಾಯ್ತಿ, ಬೇರೆಯೋರ ಬಾಯಲ್ಲಿರೋ ಲೆಕ್ಕ ನಂಬ್ಕೊಂಡು ಕೂತಿದೀಯಲ್ಲ, ನಿಂದು ನೀನು ಬರ್ಕೋ" ಅಂದ್ರು, ಅಷ್ಟೇ ಅಲ್ಲ, ನಮ್ಮೂರಿಂದ ಬರೋರ ಕೈಲಿ ಒಂದು ಉದ್ದ ಪುಸ್ತಕ ಕಳಿಸಿದ್ರು. ಪ್ರತಿ ಹಾಳೇಲೂ ನಾಕು ಕಾಲಂ ಗೀಟು ಹಾಕ್ಕೊಂಡೆ: ಕೋರ್ಸು, ಯೂನಿಟ್ಟು, ಎಲ್ಲಿಗೆ ಜಮಾ, ಬಾಕಿ ಎಷ್ಟು. ಕೌನ್ಸೆಲರ್ ಏನು ಹೇಳಿದ್ರೂ ತಾರೀಕು ಹಾಕಿ ಅದರಲ್ಲಿ ಬರೀತಿದ್ದೆ, ಆಮೇಲೆ ಈಮೇಲಲ್ಲಿ ಒಂದ್ಸಲ ಕೇಳಿ ಖಾತ್ರಿ ಮಾಡ್ಕೋತಿದ್ದೆ. ಕೌನ್ಸೆಲರ್‌ಗಳು ಕೆಟ್ಟೋರಲ್ಲ, ಒಬ್ಬೊಬ್ಬರ ಮೇಲೆ ನೂರಾರು ಹುಡುಗರಿರ್ತಾರೆ, ಪಾಪ.

"ಎಲ್ಲಿಗೆ ಜಮಾ" ಅನ್ನೋ ಕಾಲಂ ಇದ್ಯಲ್ಲ, ಇಡೀ ಟ್ರಾನ್ಸ್‌ಫರ್ ಅನ್ನೋದೇ ಅದು. ಅಡಿಕೆ ಗೊತ್ತಿರೋರಿಗೆ ಬೇಗ ಅರ್ಥ ಆಗುತ್ತೆ. ಮನೆಯಿಂದ ಹೊರಡೋವಾಗ ನೀವು ರಾಶಿ ಇಡಿ (ಒಳ್ಳೆ ದರ್ಜೆ ಅಡಿಕೆ) ಅಂತ ಚೀಲ ಕಟ್ಟಿರ್ತೀರಿ, ಮಂಡಿಯಲ್ಲಿ ಅದನ್ನ ಗೊರಬಲು (ಕೆಳಗಿನ ದರ್ಜೆ) ಅಂತ ಬರ್ಕೊಂಡ್ರೆ ತೂಕ ಅಷ್ಟೇ ಇರುತ್ತೆ, ರೇಟು ಹೋಗುತ್ತೆ. ಇಲ್ಲೂ ಹಂಗೇ, ನೀವು ಮಾಡಿದ ಕೋರ್ಸು ಯೂನಿಟ್ ಲೆಕ್ಕಕ್ಕೆ ಹೋಗೇ ಹೋಗುತ್ತೆ, ಆದ್ರೆ ಮೇಜರ್‌ಗೆ ಜಮಾ ಆಗುತ್ತಾ, ಜನರಲ್ ಎಜುಕೇಶನ್‌ಗೆ (ಯಾವ ಮೇಜರ್ ಆದ್ರೂ ಎಲ್ಲರೂ ಮಾಡ್ಲೇಬೇಕಾದ ಇಂಗ್ಲಿಷ್, ಗಣಿತ, ಸೈನ್ಸ್ ಥರದ್ದು) ಆಗುತ್ತಾ, ಇಲ್ಲ ಸುಮ್ನೆ ಎಲೆಕ್ಟಿವ್ ಅಂತ ಮೂಲೆಗೆ ಬೀಳುತ್ತಾ ಅನ್ನೋದೇ ಪ್ರಶ್ನೆ. ಅದನ್ನ ನೋಡೋಕೆ ಅಸಿಸ್ಟ್ ಡಾಟ್ ಆರ್ಗ್ ಅಂತ ಸರ್ಕಾರದ್ದೇ ಇದೆ, ಯಾವ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಎಡಕ್ಕೂ ಬಲಕ್ಕೂ ಇಟ್ಟು ತೋರಿಸುತ್ತೆ. ವರ್ಷ ಆರಿಸೋವಾಗ ಹುಷಾರು, ನೀವು ಕೋರ್ಸ್ ಮಾಡಿದ ವರ್ಷದ್ದೇ ನೋಡ್ಬೇಕು. ನಾನು ಪ್ರತಿ ಸೆಮಿಸ್ಟರ್ ರಿಜಿಸ್ಟ್ರೇಷನ್‌ಗೆ ಮುಂಚೆ ಅದರ ಪ್ರಿಂಟ್ ತೆಗೆದು ಪುಸ್ತಕಕ್ಕೆ ಅಂಟಿಸ್ತಿದ್ದೆ, ನಮ್ಮನೆಯವರು ಇದೇನು ಪಂಚಾಂಗ ಓದ್ತಿದೀಯಾ ಅಂತ ತಮಾಷೆ ಮಾಡೋರು.

ಸೈಕಾಲಜಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಒಳ್ಳೆ ದಾರಿ ಇದೆ, ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಅಂತ, 2010ರ ಒಂದು ಕಾಯ್ದೆಯಿಂದ ಬಂದಿದ್ದು. ಕಮ್ಯುನಿಟಿ ಕಾಲೇಜಲ್ಲಿ 60 ಸೆಮಿಸ್ಟರ್ ಯೂನಿಟ್‌ನ ಈ ಡಿಗ್ರಿ ಮುಗಿಸಿದ್ರೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎಲ್ಲಾದ್ರೂ ಒಂದು ಕಡೆ ಸೀಟು ಖಾತ್ರಿ, ನೇರ ಮೂರನೇ ವರ್ಷಕ್ಕೆ, ಆಮೇಲೆ ಇನ್ನು 60 ಯೂನಿಟ್‌ನಲ್ಲಿ ಬ್ಯಾಚುಲರ್ಸ್. ಎಲ್ಲಾದ್ರೂ ಅನ್ನೋ ಪದಕ್ಕೆ ಕೆಳಗೆ ಗೀಟು ಹಾಕ್ಕೊಳ್ಳಿ, ನೀವು ಕೇಳಿದ ಕ್ಯಾಂಪಸ್ಸೇ ಸಿಗುತ್ತೆ ಅಂತೇನಿಲ್ಲ. ಸೈಕಾಲಜಿಯಲ್ಲಿ ಮುಖ್ಯವಾಗಿ ಬೇಕಾಗಿದ್ದು ಇಂಟ್ರೋ, ಸ್ಟಾಟಿಸ್ಟಿಕ್ಸ್, ರಿಸರ್ಚ್ ಮೆಥಡ್ಸ್, ಬಯಲಾಜಿಕಲ್ ಸೈಕಾಲಜಿ, ಇದರ ಮೇಲೆ ಡೆವಲಪ್‌ಮೆಂಟಲ್ ಥರದ್ದು ಒಂದೆರಡು. ಇದಲ್ದೆ ಗೋಲ್ಡನ್ ಫೋರ್ ಅಂತಾರೆ, ಇಂಗ್ಲಿಷ್ ಬರಹ, ಭಾಷಣ, ಕ್ರಿಟಿಕಲ್ ಥಿಂಕಿಂಗ್, ಗಣಿತ, ಈ ನಾಕು ಇಲ್ದೆ ಕ್ಯಾಲ್ ಸ್ಟೇಟ್ ಒಳಗೆ ಬಿಡಲ್ಲ. ಗಣಿತದ್ದಕ್ಕೆ ಸ್ಟಾಟಿಸ್ಟಿಕ್ಸೇ ಆಗುತ್ತೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಭಾಷಣದ ಕ್ಲಾಸಲ್ಲಿ ನಾನು ಅಡಿಕೆ ಬಗ್ಗೆ ಮಾತಾಡ್ದೆ, ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ "ಇದು ಲೀಗಲ್ಲಾ?" ಅಂತ.

ಹಳೇ ಬಿಎಸ್ಸಿ ಅಂಕಪಟ್ಟಿ ಮುಚ್ಚಿಡೋಣ ಅಂತ ಒಬ್ಬರು ಸಲಹೆ ಕೊಟ್ಟಿದ್ರು, ದಯವಿಟ್ಟು ಹಂಗೆ ಮಾಡ್ಬೇಡಿ. ಅಪ್ಲಿಕೇಶನ್‌ನಲ್ಲಿ ಹಿಂದೆ ಓದಿದ ಎಲ್ಲ ಕಾಲೇಜೂ ಬರೀಬೇಕು, ಆಮೇಲೆ ಗೊತ್ತಾದ್ರೆ ಅಡ್ಮಿಷನ್ನೇ ಹೋಗುತ್ತೆ. ನನ್ನ ಹಳೇ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ಸೀಲ್ ಆದ ಕವರ್‌ನಲ್ಲಿ ಬರೋಕೆ ಐದು ತಿಂಗಳು ಹಿಡೀತು, ತಮ್ಮ ನಾಕು ಸಲ ಹೋಗಿ ಬಂದ, ಒಂದ್ಸಲ ಕ್ಲರ್ಕ್ ಇಲ್ಲ, ಒಂದ್ಸಲ ಸರ್ವರ್ ಡೌನ್, ಒಂದ್ಸಲ ಚಲನ್ ಕಟ್ಟಿದ್ದು ಬೇರೆ ಹೆಡ್ಡಿಗೆ. ಆಮೇಲೆ ಇಲ್ಲಿ ಅದನ್ನ ಕೋರ್ಸ್ ಬೈ ಕೋರ್ಸ್ ಇವ್ಯಾಲ್ಯುಯೇಟ್ ಮಾಡಿಸೋಕೆ ಮತ್ತೆ ದುಡ್ಡು. ಸುಮ್ನೆ ಹೋಗ್ಲಿಲ್ಲ, ಬಯಾಲಜಿ ಕೆಮಿಸ್ಟ್ರಿ ಲ್ಯಾಬ್ ಸಮೇತ ಜನರಲ್ ಎಜುಕೇಶನ್ನಿನ ಸೈನ್ಸ್ ಏರಿಯಾಕ್ಕೆ ಜಮಾ ಆಯ್ತು. ಇಂಗ್ಲಿಷ್ ಮಾತ್ರ ಇಲ್ಲೇ ಮಾಡ್ಬೇಕು ಅಂದ್ರು, ಅದೂ ಪ್ಲೇಸ್‌ಮೆಂಟ್ ಟೆಸ್ಟಲ್ಲಿ ನಂಗೆ ಒಂದು ಮೆಟ್ಟಿಲು ಕೆಳಗೆ ಹಾಕಿದ್ರಿಂದ ಒಂದು ಸೆಮಿಸ್ಟರ್ ಜಾಸ್ತಿ (ಈಗ ಆ ಟೆಸ್ಟ್ ತೆಗೆದಿದಾರೆ, ನಿಮ್ಮ ಪುಣ್ಯ).

ಇನ್ನು ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ರಿಸರ್ಚ್ ಮೆಥಡ್ಸ್ ವಿಷಯದಲ್ಲಿ. ಇದಕ್ಕೆ ಮೊದಲು ಇಂಟ್ರೋ ಆಗಿರ್ಬೇಕು, ಸ್ಟಾಟಿಸ್ಟಿಕ್ಸ್ ಆಗಿರ್ಬೇಕು, ಒಂದರ ಹಿಂದೆ ಒಂದು, ರೈಲು ಬೋಗಿ ಇದ್ದಂಗೆ. 2019ರ ಫಾಲಲ್ಲಿ ಸ್ಟಾಟಿಸ್ಟಿಕ್ಸ್ ಮುಗಿಸಿ 2020ರ ಸ್ಪ್ರಿಂಗ್‌ಗೆ (ಜನವರಿಯಲ್ಲಿ ಶುರುವಾಗೋ ಸೆಮಿಸ್ಟರ್) ರಿಜಿಸ್ಟರ್ ಆಗಿ ಕೂತಿದೀನಿ, ಕ್ಲಾಸು ಶುರುವಾಗೋಕೆ ಹತ್ತು ದಿನ ಇದೆ ಅನ್ನೋವಾಗ ಈಮೇಲ್ ಬಂತು, ಸಾಕಷ್ಟು ಜನ ಸೇರಿಲ್ಲ ಅಂತ ಕ್ಲಾಸ್ ಕ್ಯಾನ್ಸಲ್. ಮತ್ತೆ ಯಾವಾಗ ಅಂದ್ರೆ ಮುಂದಿನ ಸ್ಪ್ರಿಂಗ್ ಇರಬಹುದು ಅಂತ ಉತ್ತರ, ಅದೂ "ಇರಬಹುದು". ನನ್ನ ಪುಸ್ತಕದಲ್ಲಿ ಆ ಹಾಳೆ ಇವತ್ತಿಗೂ ನೋಡಿದ್ರೆ ಗೊತ್ತಾಗುತ್ತೆ, ಸಿಟ್ಟಲ್ಲಿ ಪೆನ್ನು ಒತ್ತಿ ಹಿಂದಿನ ಹಾಳೆ ತನಕ ಗೀರು ಬಿದ್ದಿದೆ.

ರಾತ್ರಿ ಮಗಳು ಮಲಗಿದ ಮೇಲೆ ಅಕ್ಕಪಕ್ಕದ ಎಲ್ಲ ಕಾಲೇಜುಗಳ ಶೆಡ್ಯೂಲ್ ಒಂದೊಂದೇ ತೆಗೆದೆ. ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೂ ಹೆಚ್ಚು ಕಮ್ಯುನಿಟಿ ಕಾಲೇಜಿವೆ, ಒಂದರಲ್ಲಿ ಓದೋರು ಇನ್ನೊಂದರಲ್ಲಿ ಒಂದು ಕೋರ್ಸ್ ಮಾಡೋಕೆ ಅಡ್ಡಿ ಇಲ್ಲ, ಬರೀ ಅಲ್ಲೂ ಅಪ್ಲೈ ಮಾಡಿ ಸ್ಟೂಡೆಂಟ್ ನಂಬರ್ ತಗೋಬೇಕು. ಇನ್ನೊಂದು ಡಿಸ್ಟ್ರಿಕ್ಟ್‌ನ ಕಾಲೇಜಲ್ಲಿ ಒಂದು ಸೆಕ್ಷನ್ ಇತ್ತು, ಫುಲ್ ಆಗಿತ್ತು, ವೇಟ್‌ಲಿಸ್ಟ್‌ನಲ್ಲಿ ನನ್ನ ನಂಬರ್ ಏಳು. ಈ ಕೋರ್ಸಿಗೆ ಸಿ-ಐಡಿ ನಂಬರ್ ಇದ್ಯಾ ಅಂತ ನೋಡ್ದೆ, ಇತ್ತು, ಪಿಎಸ್‌ವೈ 200, ಅಂದ್ರೆ ನಮ್ಮ ಕಾಲೇಜಿನ ಕೋರ್ಸಿಗೆ ಸಮ ಅಂತ ಒಪ್ತಾರೆ. ಪ್ರೊಫೆಸರಿಗೆ ಈಮೇಲ್ ಹಾಕ್ದೆ, ನನ್ನ ಪರಿಸ್ಥಿತಿ ನಾಕು ಸಾಲಲ್ಲಿ, ಗೋಳು ಕಮ್ಮಿ ವಿಷಯ ಜಾಸ್ತಿ, ಜೊತೆಗೆ ಸ್ಟಾಟಿಸ್ಟಿಕ್ಸ್ ಗ್ರೇಡು. ಉತ್ತರ ಬರ್ಲಿಲ್ಲ. ಮೊದಲ ದಿನ ಕ್ಲಾಸಿಗೆ ಹೋಗಿ ಹಿಂದೆ ನಿಂತೆ, ನನ್ನ ಥರ ಇನ್ನೂ ಒಂಬತ್ತು ಜನ ನಿಂತಿದ್ರು. ಹೆಸರು ಕೂಗಿದ್ಮೇಲೆ ಐದು ಜನ ಬಂದಿಲ್ಲ ಅಂತ ಗೊತ್ತಾಯ್ತು, ವೇಟ್‌ಲಿಸ್ಟಲ್ಲಿ ನನಗಿಂತ ಮುಂದೆ ಇದ್ದೋರಲ್ಲಿ ಇಬ್ಬರೂ ಬಂದಿರ್ಲಿಲ್ಲ. ಐದನೇ ಆಡ್ ಕೋಡ್ (ತುಂಬಿದ ಕ್ಲಾಸಿಗೆ ಸೇರ್ಕೊಳ್ಳೋಕೆ ಕೊಡೋ ನಂಬರ್) ನಂಗೆ ಸಿಕ್ತು, ಒಂದು ಚಿಕ್ಕ ಚೀಟಿ, ಅದನ್ನೂ ಅಂಟಿಸಿಟ್ಕೊಂಡಿದೀನಿ.

ಆ ಕ್ಲಾಸಲ್ಲಿ ಕಲಿತ ಒಂದು ವಿಷಯ ಹೇಳ್ಲೇಬೇಕು. ಮಾರ್ಚ್ ಬಂತು, ಕೋವಿಡ್, ಎಲ್ಲ ಆನ್‌ಲೈನ್, ನನ್ನ ಪ್ರಾಜೆಕ್ಟ್ ನಿದ್ದೆ ಮತ್ತು ಫೋನ್ ಬಗ್ಗೆ, 34 ಜನರ ಹತ್ರ ಗೂಗಲ್ ಫಾರ್ಮ್ ತುಂಬಿಸ್ದೆ. ಅನಾಲಿಸಿಸ್ ಮಾಡಿದ್ರೆ ಪಿ ವ್ಯಾಲ್ಯೂ 0.08 ಬಂತು. ಪಿ ವ್ಯಾಲ್ಯೂ ಅಂದ್ರೆ ನಿಜವಾಗಿ ಸಂಬಂಧ ಏನೂ ಇಲ್ದಿದ್ರೂ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರೋ ಸಾಧ್ಯತೆ, ಅದು 0.05ಕ್ಕಿಂತ ಕಮ್ಮಿ ಬರ್ಬೇಕು ಅನ್ನೋದು ರೂಢಿ. ಡೇಟಾ ನೋಡ್ತಾ ಕೂತ್ರೆ ಇಬ್ಬರು ದಿನಕ್ಕೆ ಮೂರು ಗಂಟೆ ಮಾತ್ರ ನಿದ್ದೆ ಅಂತ ತುಂಬಿದ್ರು, ಸುಳ್ಳೇ ಇರ್ಬೇಕು ಅಂತ ಆ ಎರಡು ಸಾಲು ತೆಗೆದು ಮತ್ತೆ ರನ್ ಮಾಡ್ದೆ, 0.04. ಕುಣಿದಾಡಿಬಿಟ್ಟೆ. ಝೂಮಲ್ಲಿ ಪ್ರೊಫೆಸರಿಗೆ ತೋರಿಸಿದ್ರೆ ಅವರು ಬೈಲಿಲ್ಲ, ಒಂದೇ ಕೇಳಿದ್ರು, ಇವರಿಬ್ಬರನ್ನ ತೆಗೀಬೇಕು ಅಂತ ನೀನು ತೀರ್ಮಾನ ಮಾಡಿದ್ದು ನಂಬರ್ ನೋಡೋಕೆ ಮುಂಚೆನಾ, ನೋಡಿದ್ಮೇಲಾ? ನಂಗೆ ಮುಖ ಎಲ್ಲಿಡೋದು ಅಂತ ಗೊತ್ತಾಗ್ಲಿಲ್ಲ. ತೂಕ ಆದ್ಮೇಲೆ ಚೀಲ ಬದಲಾಯಿಸೋರನ್ನ ಅಪ್ಪ ಏನಂತ ಬೈತಿದ್ರು ಅಂತ ಚೆನ್ನಾಗಿ ಗೊತ್ತು ನಂಗೆ. 34 ಜನನ್ನೂ ಇಟ್ಕೊಂಡು 0.08 ಅಂತಲೇ ಬರೆದು ಕೊಟ್ಟೆ, ಬಿ ಬಂತು. ಆ ಸೆಮಿಸ್ಟರ್ ಗ್ರೇಡ್ ಬೇಡ ಅಂದ್ರೆ ಬರೀ ಪಾಸ್ ಅಂತ ತಗೊಳೋ ಅವಕಾಶ ಇತ್ತು, ಮೇಜರ್ ಕೋರ್ಸ್ ಅಲ್ವಾ ಅಂತ ನಾನು ಗ್ರೇಡೇ ಇಟ್ಕೊಂಡೆ.

ಅಪ್ಲಿಕೇಶನ್ ವಿಷಯ. ಯುಸಿ ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅದು ಬೇರೆ, ಕ್ಯಾಲ್ ಸ್ಟೇಟ್ ಬೇರೆ, ಬಂದ ಹೊಸದರಲ್ಲಿ ಎರಡೂ ಒಂದೇ ಅಂದ್ಕೊಂಡಿದ್ದೆ. ಯುಸಿಯ ಆರು ಕ್ಯಾಂಪಸ್, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಇವು ಟ್ಯಾಗ್ ಅಂತ ಗ್ಯಾರಂಟಿ ಕೊಡ್ತಾವೆ, ಅವರು ಹೇಳಿದ ಕೋರ್ಸು ಜಿಪಿಎ ಇದ್ರೆ ಸೀಟು ಗ್ಯಾರಂಟಿ, ಆದ್ರೆ ಒಂದೇ ಕ್ಯಾಂಪಸ್‌ಗೆ ಹಾಕ್ಬಹುದು, ಅದೂ ಸೆಪ್ಟೆಂಬರ್ ತಿಂಗಳಲ್ಲೇ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ನಾನು ಡೇವಿಸ್‌ಗೆ ಹಾಕ್ದೆ. ಆಮೇಲೆ ನವೆಂಬರ್ ಕೊನೆ ಒಳಗೆ ಮುಖ್ಯ ಅಪ್ಲಿಕೇಶನ್ ಹಾಕ್ಬೇಕಿತ್ತು, 350 ಪದದ ನಾಕು ಉತ್ತರ ಬರೀಬೇಕು, ಕ್ಯಾಲ್ ಸ್ಟೇಟ್‌ಗೆ ಬರಹ ಏನೂ ಬೇಡ.

ಯುಸಿಗೆ ಹಾಕೋವಾಗ ಒಂದು ತಮಾಷೆ ಆಯ್ತು. ಅವರ ಜನರಲ್ ಎಜುಕೇಶನ್‌ನಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬರ್ಬೇಕು ಅಂತ ಆಗ ಒಂದು ಏರಿಯಾ ಇತ್ತು. ಎಲ್ಲ ಹುಡುಗರೂ ಅದಕ್ಕೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗಿ ಒದ್ದಾಡ್ತಿದ್ರು, ನಾನೂ ಐದು ಯೂನಿಟ್ಟಿನ ಸ್ಪ್ಯಾನಿಷ್‌ಗೆ ರಿಜಿಸ್ಟರ್ ಆಗೋದ್ರಲ್ಲಿದ್ದೆ. ನಿಯಮ ಪೂರ್ತಿ ಓದಿದ್ರೆ, ಆರನೇ ಕ್ಲಾಸು ಅಥವಾ ಅದರ ಮೇಲೆ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಓದಿದ್ರೆ ಸಾಕು ಅಂತ ಇತ್ತು. ನಾನು ಒಂದರಿಂದ ಹತ್ತು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿಗೆ ಹೋದಾಗ ಫಿಸಿಕ್ಸ್ ಲೆಕ್ಚರರ್ ಇಂಗ್ಲಿಷಲ್ಲಿ ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ಬಾಯಿ ಬಿಡೋಕಾಗದೆ ನಿಂತಿದ್ದ ಕನ್ನಡ ಮೀಡಿಯಂ. ಸಿಇಟಿಗೆ ಅಂತ ಆಗ ಬಿಇಒ ಆಫೀಸಿಂದ ಮಾಡಿಸಿದ್ದ ಕನ್ನಡ ಮಾಧ್ಯಮದ ಸರ್ಟಿಫಿಕೇಟ್ ಅಮ್ಮ ಬೀರುವಲ್ಲಿ ಸೀರೆ ಕೆಳಗೆ ಇಟ್ಟಿದ್ರು, ಅದನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆ ತರಿಸಿ ಕೊಟ್ಟೆ. ಕೌನ್ಸೆಲರ್ ನೋಡಿದ್ರು, ಟಿಕ್ ಹಾಕಿದ್ರು, ಎರಡು ನಿಮಿಷ. ಅವತ್ತು ಪುಸ್ತಕದಲ್ಲಿ "ಕನ್ನಡ, ಜಮಾ" ಅಂತ ಬರೆದೆ, ಅದೊಂದು ಸಾಲು ಮಾತ್ರ ಹಸಿರು ಇಂಕಲ್ಲಿದೆ.

ಡೇವಿಸ್‌ನಲ್ಲಿ ಸೀಟು ಬಂತು, ಹೋಗ್ಲಿಲ್ಲ. ಒಂದೂವರೆ ಗಂಟೆ ದಾರಿ, ಮಗಳು ಒಂದನೇ ಕ್ಲಾಸು, ಫೀಸು ಕ್ಯಾಲ್ ಸ್ಟೇಟ್‌ನ ಎರಡು ಪಟ್ಟಿಗೂ ಜಾಸ್ತಿ. ಕ್ಯಾಲ್ ಸ್ಟೇಟ್‌ನಲ್ಲಿ ಆಗ ವರ್ಷದ ಟ್ಯೂಷನ್ 5,742 ಡಾಲರ್ ಇತ್ತು, ಕ್ಯಾಂಪಸ್ ಫೀಸ್ ಬೇರೆ. ಹೇವರ್ಡ್‌ನ ಗುಡ್ಡದ ಮೇಲಿರೋ ಕ್ಯಾಲ್ ಸ್ಟೇಟ್ ಈಸ್ಟ್ ಬೇ ಆರಿಸ್ಕೊಂಡೆ, ಬಾರ್ಟ್ ಟ್ರೈನಲ್ಲಿ ಹೋಗಿ ಅಲ್ಲಿಂದ ಶಟಲ್. ಬೇಜಾರಾಯ್ತಾ ಅಂತ ಕೇಳ್ತಾರೆ, ಆಯ್ತು, ಒಂದು ವಾರ. ಆಮೇಲೆ ಬೆಳಗ್ಗೆ ಆ ಗುಡ್ಡದ ಮೇಲೆ ನಿಂತು ಕೆಳಗೆ ಕೊಲ್ಲಿ ತುಂಬ ಮಂಜು ಮುಚ್ಚಿರೋದು ನೋಡಿದಾಗ ಆಗುಂಬೆ ನೆನಪಾಗಿ ಬೇಜಾರು ಹೋಯ್ತು.

ಇಲ್ಲೂ ಒಂದು ಎಡವಟ್ಟು ಮಾಡ್ಕೊಂಡೆ, ನನ್ನದೇ ತಪ್ಪು ಅರ್ಧ. ಕಮ್ಯುನಿಟಿ ಕಾಲೇಜಿಂದ ಟ್ರಾನ್ಸ್‌ಕ್ರಿಪ್ಟ್ ಕಳಿಸಿದ್ರೆ ಎಲ್ಲ ಆಯ್ತು ಅಂದ್ಕೊಂಡಿದ್ದೆ. ಜನರಲ್ ಎಜುಕೇಶನ್ ಪೂರ್ತಿ ಆಗಿದೆ ಅಂತ ಕಾಲೇಜು ಸರ್ಟಿಫೈ ಮಾಡ್ಬೇಕು, ಅದನ್ನ ನಾವೇ ಫಾರ್ಮ್ ಹಾಕಿ ಕೇಳ್ಬೇಕು, ತಾನಾಗೇ ಆಗಲ್ಲ. ನನ್ನ ಡಿಗ್ರಿ ಆಡಿಟ್ ತೆಗೆದು ನೋಡಿದ್ರೆ ಐದು ಜನರಲ್ ಎಜುಕೇಶನ್ ಕೋರ್ಸ್ ಬಾಕಿ ಅಂತ ಕೆಂಪು ಅಕ್ಷರದಲ್ಲಿ ತೋರಿಸ್ತಿದೆ, ಎದೆ ಧಸಕ್ ಅಂತು. ರಿಸರ್ಚ್ ಮೆಥಡ್ಸ್ ಬೇರೆ ಕಾಲೇಜಲ್ಲಿ ಮಾಡಿದ್ದು ಬೇರೆ, ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟೂ ಹೋಗ್ಬೇಕಿತ್ತು. ಪುಸ್ತಕ ಹಿಡ್ಕೊಂಡು ಹೋಗಿ ಯಾವ ಕೋರ್ಸು ಯಾವ ಏರಿಯಾ ಅಂತ ಒಂದೊಂದೇ ತೋರಿಸಿ ಫಾರ್ಮ್ ಹಾಕಿಸಿದ್ಮೇಲೆ ಆರು ವಾರಕ್ಕೆ ಸರಿಹೋಯ್ತು. ಈಗ ಸೇರೋರಿಗೆ ಯುಸಿಗೂ ಕ್ಯಾಲ್ ಸ್ಟೇಟ್‌ಗೂ ಎರಡಕ್ಕೂ ಒಂದೇ ಜನರಲ್ ಎಜುಕೇಶನ್ ಪಟ್ಟಿ, ಕ್ಯಾಲ್-ಜೆಟ್‌ಸಿ ಅಂತ, 2025ರ ಫಾಲಿಂದ. ನಮ್ಮ ಕಾಲದಷ್ಟು ಗೋಜಲಿಲ್ಲ. ಹಾಂ, ಇನ್ನೊಂದು, ಕಮ್ಯುನಿಟಿ ಕಾಲೇಜಿಂದ 70ಕ್ಕಿಂತ ಜಾಸ್ತಿ ಯೂನಿಟ್ ಲೆಕ್ಕಕ್ಕೆ ಬರಲ್ಲ, ಅಗ್ಗ ಅಂತ ಅಲ್ಲೇ ಕೂತು ಸಿಕ್ಕಿದ್ದೆಲ್ಲ ಮಾಡ್ಬೇಡಿ.

ಟ್ರಾನ್ಸ್‌ಫರ್ ಶಾಕ್ ಅಂತ ಒಂದಿದೆ, ಹೊಸ ಕಡೆ ಹೋದ ಶುರುವಲ್ಲಿ ಗ್ರೇಡು ಬೀಳೋದು, ಅಂತ ಓದಿದ್ದೆ, ನಂಗಾಗಲ್ಲ ಅಂದ್ಕೊಂಡಿದ್ದೆ. ಕಾಗ್ನಿಟಿವ್ ಸೈಕಾಲಜಿ ಮೊದಲ ಮಿಡ್‌ಟರ್ಮ್, ಸಿ. ಕಮ್ಯುನಿಟಿ ಕಾಲೇಜಲ್ಲಿ ಪುಸ್ತಕ ಓದಿ ಬರೆದ್ರೆ ಎ ಬರ್ತಿತ್ತು, ಇಲ್ಲಿ ರಿಸರ್ಚ್ ಪೇಪರ್ ಓದಿಸ್ತಾರೆ, ಈ ಪ್ರಯೋಗದಲ್ಲಿ ಏನು ಕೊರತೆ ನೀನು ಹೆಂಗೆ ಸರಿ ಮಾಡ್ತೀಯ ಅಂತ ಕೇಳ್ತಾರೆ. ಎರಡು ತಿಂಗಳು ಬೇಕಾಯ್ತು ಹೊಂದ್ಕೊಳ್ಳೋಕೆ. ಆಫೀಸ್ ಅವರ್‌ಗೆ ಹೋಗೋದು ಭಿಕ್ಷೆ ಬೇಡಿದಂಗೆ ಅನ್ನೋ ಭಾವನೆ ಇತ್ತು ನಂಗೆ, ಊರಲ್ಲಿ ಸ್ಟಾಫ್ ರೂಮಿಗೆ ಹೋಗೋದು ಅಂದ್ರೆ ಏನೋ ತಪ್ಪು ಮಾಡಿದ್ರೆ ಮಾತ್ರ ಅಲ್ವಾ. ಹೋಗೋಕೆ ಶುರು ಮಾಡಿದ್ಮೇಲೆ ಗ್ರೇಡು ಮೇಲೆ ಬಂತು.

ಸೈಕಾಲಜಿಯ ಇತಿಹಾಸದ ಪೇಪರಿಗೆ ವಿಷಯ ಆರಿಸ್ಕೊಳ್ಳಿ ಅಂದಾಗ ಎಲ್ಲರೂ ವುಂಟ್, ಜೇಮ್ಸ್ ಅಂತ ಸೈಕಾಲಜಿಗೆ ಬುನಾದಿ ಹಾಕಿದೋರ ಕಡೆ ಹೋದ್ರು. 1879ರಲ್ಲಿ ಲೈಪ್ಜಿಗ್‌ನಲ್ಲಿ ವುಂಟ್ ಶುರು ಮಾಡಿದ ಮೊದಲ ಸೈಕಾಲಜಿ ಲ್ಯಾಬು ಅನ್ನೋದು ಎಲ್ಲ ಪುಸ್ತಕದಲ್ಲೂ ಇದೆ, ನಮ್ಮ ಕಡೆ ಯಾವಾಗ ಶುರುವಾಯ್ತು ಅಂತ ಹುಡುಕ್ತಾ ಹೋದೆ. ಕಲ್ಕತ್ತಾದಲ್ಲಿ 1916, ಅದಾದ್ಮೇಲೆ ನಮ್ಮ ಮೈಸೂರು, 1924, ಮಹಾರಾಜಾ ಕಾಲೇಜಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋರು ವಿಭಾಗ ಕಟ್ಟಿದ್ದು, ಲಂಡನ್‌ನಲ್ಲಿ ಸ್ಪಿಯರ್‌ಮನ್ ಅನ್ನೋ ಸೈಕಾಲಜಿಸ್ಟ್ ಹತ್ರ ಕಲಿತು ಬಂದೋರು. ಅದೇ ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಲ್ಲಿ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದ್ದು, ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂದಿದ್ದು! ರೇಡಿಯೋ ಕಥೆ ಸ್ಕೂಲಲ್ಲಿ ಓದಿದ್ದೆ, ಅವರು ಸೈಕಾಲಜಿ ಪ್ರೊಫೆಸರು ಅಂತ ನಂಗೆ ಗೊತ್ತಾಗಿದ್ದು ಹೇವರ್ಡ್‌ನ ಲೈಬ್ರರಿಯಲ್ಲಿ. ಆ ಪೇಪರಿಗೆ ಎ ಬಂತು ಅನ್ನೋದಕ್ಕಿಂತ, ಅಮ್ಮಂಗೆ ಫೋನ್ ಮಾಡಿ ಹೇಳಿದಾಗ "ಹೌದನಾ? ರೇಡಿಯೋದವ್ರಾ?" ಅಂತ ಅಂದಿದ್ದು ಇಷ್ಟ ಆಯ್ತು, ಸೈಕಾಲಜಿ ಬಗ್ಗೆ ಅಮ್ಮ ಆಸಕ್ತಿಯಿಂದ ಕೇಳಿದ್ದು ಅದೇ ಮೊದಲು.

ಆ ಹೊತ್ತಿಗೆ ಇಎಡಿ, ಅಂದ್ರೆ ಕೆಲಸ ಮಾಡೋಕೆ ಪರವಾನಗಿ, ಬಂತು, ನಮ್ಮನೆಯವರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿತ್ತಲ್ಲ ಹಂಗಾಗಿ. ಆರ್‌ಬಿಟಿ (ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್) ಅಂತ 40 ಗಂಟೆ ಟ್ರೈನಿಂಗ್ ಮತ್ತೆ ಒಂದು ಪರೀಕ್ಷೆ ಮುಗಿಸಿ ಆಟಿಸಂ ಇರೋ ಮಕ್ಕಳ ಜೊತೆ ವಾರಕ್ಕೆ ಹನ್ನೆರಡು ಗಂಟೆ ಕೆಲಸ ಶುರು ಮಾಡ್ದೆ. ಸಂಬಳ ಅಷ್ಟಕ್ಕಷ್ಟೆ, ಕಚ್ಚಿಸ್ಕೊಂಡಿದೀನಿ, ಕೂದಲು ಕಿತ್ತಿಸ್ಕೊಂಡಿದೀನಿ, ಆದ್ರೆ ಒಂದು ಹುಡುಗ ಏಳು ವಾರ ಆದ್ಮೇಲೆ ತನಗೆ ಬೇಕಾದ ವಸ್ತುವಿನ ಚಿತ್ರ ತಾನಾಗೇ ಎತ್ತಿ ನನ್ನ ಕೈಗೆ ಇಟ್ಟಾಗ, ಅದು ನೀರಿನ ಲೋಟದ ಚಿತ್ರ, ಅವತ್ತಿನ ತಾರೀಕು ನಂಗೆ ನೆನಪಿದೆ.

2023ರ ಮೇನಲ್ಲಿ ಡಿಗ್ರಿ ಆಯ್ತು. 2011ರಲ್ಲಿ ಶುರು ಮಾಡಿದ್ದು, ಲೆಕ್ಕ ಹಾಕ್ಕೊಳ್ಳಿ. ಅಪ್ಪ ಅಮ್ಮಂಗೆ ವೀಸಾ ಸಿಗ್ಲಿಲ್ಲ, ಲೈವ್‌ನಲ್ಲಿ ನೋಡಿದ್ರು, ಊರಲ್ಲಿ ಆಗ ಮಧ್ಯರಾತ್ರಿ. ಮುಗಿದ್ಮೇಲೆ ಅಪ್ಪ ಕೇಳಿದ್ರು, "ಹಂಗಾದ್ರೆ ಇನ್ನು ಬೋರ್ಡ್ ಹಾಕ್ಕೋಬಹುದಾ?" ಇಲ್ಲಪ್ಪ, ಬ್ಯಾಚುಲರ್ಸ್‌ನಲ್ಲಿ ಯಾರೂ ಥೆರಪಿಸ್ಟ್ ಆಗಲ್ಲ, ಇನ್ನು ಮಾಸ್ಟರ್ಸ್ ಮಾಡ್ಬೇಕು, ಅದಾದ್ಮೇಲೆ ಇನ್ನೊಬ್ಬರ ಕೈಕೆಳಗೆ 3,000 ಗಂಟೆ ಕೆಲಸ ಮಾಡ್ಬೇಕು, ಎರಡು ಪರೀಕ್ಷೆ ಬರೀಬೇಕು, ಆಮೇಲೆ ಲೈಸೆನ್ಸ್ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಗಂಟೆ ಲೆಕ್ಕ ಯಾರು ಬರೀತಾರೆ, ನೀನಾ ಅವರಾ?" ಅಂದ್ರು.

ನಾನೇ ಬರೀಬೇಕು, ವಾರ ವಾರ, ಸೂಪರ್‌ವೈಸರ್ ಸಹಿ ಹಾಕ್ತಾರೆ. ಹಳೇ ಪುಸ್ತಕದಲ್ಲಿ ಇನ್ನೂ ಹದಿನಾಲ್ಕು ಹಾಳೆ ಖಾಲಿ ಇದ್ವು, ಅದರಲ್ಲಿ ಆರರಲ್ಲಿ ಮಗಳು ಕುದುರೆ ಬರೆದಿದಾಳೆ. ಉಳಿದ ಎಂಟರಲ್ಲಿ ಮಾಸ್ಟರ್ಸ್ ಪ್ರೋಗ್ರಾಂಗಳ ಪಟ್ಟಿ ಇದೆ, ಎರಡರ ಮುಂದೆ ಗೀಟು ಹಾಕಾಗಿದೆ, ಒಂದರ ಡೆಡ್‌ಲೈನ್ ಮುಂದಿನ ತಿಂಗಳು.